‘ಗೆಟ್’ ಅರ್ಥ ತಿಳಿಯಬೇಕೆ? ಪಕ್ಕದ ಪದ ನೋಡಿ

ಗೆಳೆಯರು ಕಳಿಸುವ ಸಂದೇಶದಲ್ಲಿ ‘ಗೆಟ್ ವೆಲ್ ಸೂನ್’. ಸಂದರ್ಶನ ಮುಗಿದ ಮೇಲೆ ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’. ಕಚೇರಿಯಲ್ಲಿ ಪಕ್ಕದ ಮೇಜಿನವರು ‘ಐ ಡಿಡ್ನಾಟ್ ಗೆಟ್ ಯೂ’ ಅನ್ನುತ್ತಾರೆ, ಸಂಜೆಯಾದರೆ ‘ಇಟ್ಸ್ ಗೆಟ್ಟಿಂಗ್ ಲೇಟ್’. ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸಕ್ಕೆ ಸೇರಿದವರ ಕಿವಿಗೆ ದಿನಕ್ಕೆ ಹತ್ತಾರು ಸಲ ಬೀಳುವ ಪದ ಇದು. ಶಾಲೆಯಲ್ಲಿ ಇದಕ್ಕೆ ಕಲಿತ ಅರ್ಥ ಒಂದೇ: ‘ಪಡೆ’. ಅದನ್ನು ಈ ನಾಲ್ಕು ವಾಕ್ಯಗಳಿಗೆ ಹಚ್ಚಿ ನೋಡಿ, ಒಂದಕ್ಕೂ ಹೊಂದುವುದಿಲ್ಲ. ನಿಘಂಟು ತೆರೆದರೆ ಅರ್ಥಗಳು ಅಂಕಣಗಟ್ಟಲೆ ತುಂಬಿಕೊಂಡಿರುತ್ತವೆ. ಅಲ್ಲಿಗೆ ಅನೇಕರು ಕೈಚೆಲ್ಲುತ್ತಾರೆ. ‘ಗೆಟ್’ ಬಾರದಂತೆ ಮಾತನಾಡುವುದನ್ನು ರೂಢಿಸಿಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಿ ಪುಟ್ಟ ಪದಗಳೇ ಹೆಚ್ಚು ಭಾರ ಹೊರುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಎಂಬ ಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ ಅದನ್ನು ಹಿಂದೆ ಹಾಕಿತು. ನಿಘಂಟುಕಾರ ಪೀಟರ್ ಗಿಲಿವರ್ ಅದರ ಮೇಲೆ ತಿಂಗಳುಗಟ್ಟಲೆ ಕೂತು 645 ಅರ್ಥಗಳನ್ನು ಬಿಡಿಸಿಟ್ಟರು. ‘ಗೆಟ್’ ಕೂಡ ಅದೇ ಜಾತಿಯದು. ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗ್ ಜನರ ನಾರ್ಸ್ ನುಡಿಯಿಂದ ಬಂದ ಪದ ಇದು. ಇಂಗ್ಲಿಷಿನಲ್ಲಿ ಮೊದಲೇ ಇದ್ದ ಇದರ ಬಂಧು ‘ಫರ್ಗೆಟ್’ನಂಥ ಕೂಡುಪದಗಳ ಒಳಗೆ ಉಳಿದುಕೊಂಡಿದೆ. ಇತಿಹಾಸ ಇಷ್ಟು ಸಾಕು. ನಮಗೆ ಬೇಕಿರುವುದು ಇದನ್ನು ಬಳಸುವ ದಾರಿ.

ಆ ದಾರಿ ನಿಮಗೆ ಆಗಲೇ ಗೊತ್ತಿದೆ. ನಮ್ಮ ‘ಆಗು’ವನ್ನು ನೋಡಿ. ‘ಊಟ ಆಯ್ತಾ?’, ‘ಹೊತ್ತಾಯ್ತು’, ‘ಹಾಲು ಮೊಸರಾಯ್ತು’, ‘ಅವರಿಗೆ ಹೆಣ್ಣು ಮಗು ಆಯ್ತು’, ‘ಈ ಮಾತ್ರೆ ನನಗೆ ಆಗಲ್ಲ’, ‘ಅವರಿಬ್ಬರಿಗೂ ಆಗಲ್ಲ’, ‘ಇಷ್ಟು ಭಾರ ಎತ್ತೋಕೆ ಆಗಲ್ಲ’. ಪದ ಒಂದೇ, ಅರ್ಥ ಏಳು. ಇವುಗಳಲ್ಲಿ ಯಾವುದನ್ನೂ ನೀವು ಪಟ್ಟಿ ಮಾಡಿ ಕಲಿಯಲಿಲ್ಲ. ಪಕ್ಕದಲ್ಲಿ ‘ಊಟ’ ಇದ್ದರೆ ಒಂದರ್ಥ, ‘ಮಾತ್ರೆ’ ಇದ್ದರೆ ಇನ್ನೊಂದರ್ಥ ಎಂದು ಕಿವಿಯೇ ಬೇರ್ಪಡಿಸಿಕೊಂಡಿತು. ‘ಗೆಟ್’ ನಡೆಯುವುದೂ ಹೀಗೆಯೇ. ಅದರ ಒಳಗೆ ಅರ್ಥ ಹುಡುಕಬೇಡಿ. ಅದರ ಮುಂದೆ ಯಾವ ಬಗೆಯ ಪದ ಬಂದಿದೆ ಎಂದು ನೋಡಿ. ವಸ್ತುವೇ, ಗುಣವೇ, ಜಾಗವೇ, ಬೇರೆಯವರ ಕೈಲಿ ಮಾಡಿಸಿದ ಕೆಲಸವೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ದಿನಬಳಕೆಯ ಬಹುಪಾಲು ‘ಗೆಟ್’ಗಳು ಬಿಡಿಸಿಕೊಳ್ಳುತ್ತವೆ. ಸಿಗು, ಆಗು, ಸೇರು, ಮಾಡಿಸು ಎಂಬ ನಾಲ್ಕು ಕನ್ನಡ ಕ್ರಿಯಾಪದಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

1. ಮುಂದೆ ವಸ್ತು ಇದ್ದರೆ: ‘ಸಿಗು’, ‘ಬರು’, ‘ತಗೊ’

‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಎ ಲೆಟರ್’ ಅಂದರೆ ಪತ್ರ ಬಂತು. ‘ಐ ಗಾಟ್ 80 ಮಾರ್ಕ್ಸ್’ ಅಂದರೆ 80 ಅಂಕ ಬಂತು. ‘ಗೆಟ್ ಸಮ್ ಮಿಲ್ಕ್ ಆನ್ ದ ವೇ’ ಅಂದರೆ ಬರುವಾಗ ಹಾಲು ತಗೊಂಡು ಬಾ. ‘ಗೆಟ್ ಮಿ ಎ ಗ್ಲಾಸ್ ಆಫ್ ವಾಟರ್’ ಅಂದರೆ ಒಂದು ಲೋಟ ನೀರು ತಂದುಕೊಡು. ಮಾತಿನ ತಾತ್ಪರ್ಯವೂ ಕೈಗೆ ಸಿಗುವ ವಸ್ತುವೆಂದೇ ಇಂಗ್ಲಿಷರ ಎಣಿಕೆ. ಆದ್ದರಿಂದ ‘ಐ ಗೆಟ್ ಇಟ್’ ಅಂದರೆ ಅರ್ಥವಾಯಿತು, ‘ಐ ಡಿಡ್ನಾಟ್ ಗೆಟ್ ಯೂ’ ಅಂದರೆ ನೀವು ಹೇಳಿದ್ದು ತಿಳಿಯಲಿಲ್ಲ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ತಿರುವು ಇದೆ. ಕನ್ನಡದಲ್ಲಿ ಕೆಲಸ ‘ನನಗೆ’ ಸಿಗುತ್ತದೆ; ವಾಕ್ಯದ ಕರ್ತೃ ಕೆಲಸ, ಮನುಷ್ಯನಿಗೆ ‘ಗೆ’ ಹತ್ತುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ಕರ್ತೃ. ‘ನನಗೆ’ ಎಂದು ಮನಸ್ಸಿನಲ್ಲಿ ಹೊಳೆದ ತಕ್ಷಣ ಬಾಯಿಗೆ ‘ಟು ಮಿ’ ಅಥವಾ ‘ಫಾರ್ ಮಿ’ ಬರುತ್ತದೆ. ಅಲ್ಲಿ ತಡೆದು ‘ಐ’ ಎಂದು ಶುರು ಮಾಡಿ.

2. ಮುಂದೆ ಗುಣ ಅಥವಾ ಸ್ಥಿತಿ ಇದ್ದರೆ: ‘ಆಗು’

‘ಇಟ್ಸ್ ಗೆಟ್ಟಿಂಗ್ ಲೇಟ್’ ಅಂದರೆ ಹೊತ್ತಾಗುತ್ತಿದೆ. ‘ಇಟ್ಸ್ ಗೆಟ್ಟಿಂಗ್ ಡಾರ್ಕ್’ ಅಂದರೆ ಕತ್ತಲಾಗುತ್ತಿದೆ. ‘ಗೆಟ್ ವೆಲ್ ಸೂನ್’ ಅಂದರೆ ಬೇಗ ಹುಷಾರಾಗಿ. ‘ದ ಕಾಫಿ ಈಸ್ ಗೆಟ್ಟಿಂಗ್ ಕೋಲ್ಡ್’ ಅಂದರೆ ಕಾಫಿ ಆರಿಹೋಗುತ್ತಿದೆ.

‘ಈಸ್’, ‘ಆಮ್’ ಇರುವ ಸ್ಥಿತಿಯನ್ನು ಹೇಳುತ್ತವೆ, ‘ಗೆಟ್’ ಆಗುತ್ತಿರುವ ಬದಲಾವಣೆಯನ್ನು ಹೇಳುತ್ತದೆ. ‘ಐ ಆಮ್ ಟೈರ್ಡ್’ ಅಂದರೆ ದಣಿದಿದ್ದೇನೆ. ‘ಐ ಆಮ್ ಗೆಟ್ಟಿಂಗ್ ಟೈರ್ಡ್’ ಅಂದರೆ ದಣಿವಾಗುತ್ತಿದೆ. ‘ಶೀ ಈಸ್ ಮ್ಯಾರೀಡ್’ ಅಂದರೆ ಅವಳಿಗೆ ಮದುವೆಯಾಗಿದೆ. ‘ಶೀ ಗಾಟ್ ಮ್ಯಾರೀಡ್ ಇನ್ ಮೇ’ ಅಂದರೆ ಮೇ ತಿಂಗಳಲ್ಲಿ ಮದುವೆಯಾಯಿತು. ಕನ್ನಡದ ‘ಇದೆ’ ಮತ್ತು ‘ಆಯಿತು’ಗಳ ನಡುವಿನ ಅಂತರವೇ ಇದು.

‘ಕೋಲ್ಡ್’ ಪದಕ್ಕೆ ಮೊದಲು ‘ಎ’ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಿ. ‘ಐ ಆಮ್ ಗೆಟ್ಟಿಂಗ್ ಕೋಲ್ಡ್’ ಅಂದರೆ ನನಗೆ ಚಳಿಯಾಗುತ್ತಿದೆ. ‘ಐ ಆಮ್ ಗೆಟ್ಟಿಂಗ್ ಎ ಕೋಲ್ಡ್’ ಅಂದರೆ ನೆಗಡಿ ಆಗುವ ಹಾಗಿದೆ. ಒಂದಕ್ಕೆ ಶಾಲು ಸಾಕು, ಇನ್ನೊಂದಕ್ಕೆ ಔಷಧಿ ಬೇಕು. ವೈದ್ಯರ ಮುಂದೆ ಕೂತಾಗ ಈ ಒಂದಕ್ಷರ ತಪ್ಪಬಾರದು.

ಎಚ್ಚರಿಕೆ: ಕನ್ನಡದ ಎಲ್ಲ ‘ಆಗು’ಗಳೂ ‘ಗೆಟ್’ ಆಗುವುದಿಲ್ಲ. ‘ಅವನು ಡಾಕ್ಟರಾದ’ ಎನ್ನಲು ‘ಹಿ ಗಾಟ್ ಎ ಡಾಕ್ಟರ್’ ಎಂದರೆ ಅವನು ಎಲ್ಲಿಂದಲೋ ಒಬ್ಬ ಡಾಕ್ಟರನ್ನು ಕರೆತಂದ ಎಂದು ಅರ್ಥವಾಗುತ್ತದೆ. ಮುಂದೆ ನಾಮಪದ ಬಂದುದರಿಂದ ಅದು ಮೊದಲ ಗುಂಪಿಗೆ ಜಾರಿತು. ಉದ್ಯೋಗ, ಪದವಿ, ಸಂಬಂಧಗಳ ವಿಷಯದಲ್ಲಿ ‘ಬಿಕೇಮ್’ ಬಳಸಿ.

ಇದೇ ಗುಂಪಿಗೆ ಸೇರಿದ ಇನ್ನೊಂದು ಬಗೆ ‘ಗಾಟ್ ಸ್ಟೋಲನ್’, ‘ಗಾಟ್ ಕ್ಯಾನ್ಸಲ್ಡ್’, ‘ಗಾಟ್ ಡ್ಯಾಮೇಜ್ಡ್’. ‘ಹಿಸ್ ಬೈಕ್ ಗಾಟ್ ಸ್ಟೋಲನ್’ ಅಂದರೆ ಅವನ ಬೈಕು ಕಳುವಾಯಿತು. ಇಲ್ಲಿಯೂ ಕನ್ನಡ ‘ಆಯಿತು’ ಎಂದೇ ಮುಗಿಯುವುದನ್ನು ನೋಡಿ.

3. ಮುಂದೆ ಜಾಗ ಇದ್ದರೆ: ‘ಸೇರು’, ‘ತಲುಪು’

‘ವಿ ಗಾಟ್ ಟು ಹುಬ್ಬಳ್ಳಿ ಅಟ್ ಸಿಕ್ಸ್’ ಅಂದರೆ ಆರಕ್ಕೆ ಹುಬ್ಬಳ್ಳಿ ತಲುಪಿದೆವು. ಊರು, ಕಚೇರಿ, ನಿಲ್ದಾಣಗಳ ಹೆಸರಿಗೆ ಮೊದಲು ‘ಟು’ ಬೇಕು. ‘ಹೋಮ್’, ‘ಹಿಯರ್’, ‘ದೇರ್’ ಈ ಮೂರಕ್ಕೆ ಮೊದಲು ‘ಟು’ ಬೇಡ: ‘ಐ ಗಾಟ್ ಹೋಮ್ ಅಟ್ ನೈನ್’.

4. ಕೆಲಸ ಬೇರೆಯವರಿಂದ ಆಗಿದ್ದರೆ: ‘ಮಾಡಿಸು’

ನನ್ನ ಮಟ್ಟಿಗೆ ಕನ್ನಡಿಗರಿಗೆ ಅತ್ಯಂತ ಉಪಯುಕ್ತವಾದ ‘ಗೆಟ್’ ಇದು. ನಮ್ಮ ಶಾಲೆಗಳಲ್ಲಿ ಅತ್ಯಂತ ಕಡಿಮೆ ಕಲಿಸುವುದೂ ಇದನ್ನೇ. ಕನ್ನಡದಲ್ಲಿ ‘ಇಸು’ ಎಂಬ ಒಂದು ಪ್ರತ್ಯಯ ಸೇರಿಸಿ ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸಿಬಿಡುತ್ತೇವೆ. ಮಾಡಿದೆ, ಮಾಡಿಸಿದೆ. ಹೊಲಿದೆ, ಹೊಲಿಸಿದೆ. ಕಟ್ಟಿದೆ, ಕಟ್ಟಿಸಿದೆ. ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯ ಇಲ್ಲದ್ದರಿಂದ ‘ಐ ಸ್ಟಿಚ್ಡ್ ಎ ಬ್ಲೌಸ್’, ‘ಐ ಕಟ್ ಮೈ ಹೇರ್’, ‘ಐ ರಿಪೇರ್ಡ್ ಮೈ ಫೋನ್’ ಎಂದು ಹೇಳಿಬಿಡುತ್ತೇವೆ. ಕೇಳಿದವರು ಇವರು ತಾವೇ ಕತ್ತರಿ ಹಿಡಿದು ಕೂದಲು ಕತ್ತರಿಸಿಕೊಂಡರು, ತಾವೇ ಫೋನ್ ಬಿಚ್ಚಿ ಸರಿ ಮಾಡಿದರು ಎಂದು ತಿಳಿಯುತ್ತಾರೆ.

‘ಇಸು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಗೆಟ್’ ಮಾಡುತ್ತದೆ. ಅದರ ಕ್ರಮ ಹೀಗೆ: ಮೊದಲು ‘ಗೆಟ್’, ಆಮೇಲೆ ವಸ್ತು, ಕೊನೆಯಲ್ಲಿ ಕ್ರಿಯೆಯ ಮೂರನೆಯ ರೂಪ.

‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’: ರವಿಕೆ ಹೊಲಿಸಿದೆ.
‘ಐ ಗಾಟ್ ಮೈ ಹೇರ್ ಕಟ್’: ಕಟಿಂಗ್ ಮಾಡಿಸಿದೆ.
‘ದೇ ಗಾಟ್ ಎ ಹೌಸ್ ಬಿಲ್ಟ್’: ಅವರು ಮನೆ ಕಟ್ಟಿಸಿದರು.
‘ಐ ಮಸ್ಟ್ ಗೆಟ್ ಮೈ ಬ್ಲಡ್ ಟೆಸ್ಟೆಡ್’: ರಕ್ತ ಪರೀಕ್ಷೆ ಮಾಡಿಸಬೇಕು.
‘ಗೆಟ್ ದಿಸ್ ಅಟೆಸ್ಟೆಡ್’: ಇದಕ್ಕೆ ದೃಢೀಕರಣ ಮಾಡಿಸಿಕೊಂಡು ಬನ್ನಿ.

ವಸ್ತು ನಡುವೆ ಬರಬೇಕು ಎಂಬುದನ್ನು ಮರೆಯಬೇಡಿ. ‘ಐ ಗಾಟ್ ರಿಪೇರ್ಡ್ ಮೈ ಫೋನ್’ ತಪ್ಪು. ‘ಐ ಗಾಟ್ ಮೈ ಫೋನ್ ರಿಪೇರ್ಡ್’ ಸರಿ. ತಾಲ್ಲೂಕು ಕಚೇರಿ, ಬ್ಯಾಂಕು, ಆಸ್ಪತ್ರೆ, ಗ್ಯಾರೇಜುಗಳಲ್ಲಿ ನಾವು ಮಾಡುವುದಕ್ಕಿಂತ ಮಾಡಿಸುವ ಕೆಲಸವೇ ಹೆಚ್ಚು. ಇದೊಂದು ಕ್ರಮ ಕೈಗೆ ಹತ್ತಿದರೆ ಅಲ್ಲಿನ ಅರ್ಧ ಮಾತು ಸಲೀಸಾಗುತ್ತದೆ.

ಯಾರ ಕೈಲಿ ಮಾಡಿಸಿದೆವು ಎಂದು ಹೇಳಬೇಕಾದರೆ ಕ್ರಮ ಸ್ವಲ್ಪ ಬದಲಾಗುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಅವರನ್ನು ಒಪ್ಪಿಸಿ ಸಹಿ ಹಾಕಿಸಿದೆ ಎಂಬ ಛಾಯೆ ಇದರಲ್ಲಿದೆ. ‘ಐ ಮೇಡ್ ಹಿಮ್ ಸೈನ್’ ಎಂದರೆ ಬಲವಂತದ ವಾಸನೆ ಬರುತ್ತದೆ. ‘ಗೆಟ್’ ಇದ್ದಾಗ ‘ಟು’ ಬೇಕು, ‘ಮೇಕ್’ ಇದ್ದಾಗ ಬೇಡ.

5. ಮುಂದೆ ‘ಟು’ ಮತ್ತು ಕ್ರಿಯೆ ಇದ್ದರೆ: ಅವಕಾಶ

‘ಐ ಗಾಟ್ ಟು ಮೀಟ್ ದ ರೈಟರ್’ ಅಂದರೆ ಆ ಲೇಖಕರನ್ನು ಭೇಟಿ ಮಾಡುವ ಅವಕಾಶ ಸಿಕ್ಕಿತು. ಒಂದು ‘ಹ್ಯಾವ್’ ಸೇರಿಸಿ: ‘ಐ ಹ್ಯಾವ್ ಗಾಟ್ ಟು ಮೀಟ್ ದ ರೈಟರ್’. ಈಗ ಅರ್ಥ ‘ಭೇಟಿ ಮಾಡಲೇಬೇಕು’. ಮೊದಲನೆಯದು ಭಾಗ್ಯ, ಎರಡನೆಯದು ಕಟ್ಟುಪಾಡು. ಸಿನಿಮಾಗಳಲ್ಲಿ ಕೇಳುವ ‘ಗಾಟ’ ಎಂಬುದು ಈ ಎರಡನೆಯದರ ಸವೆದ ರೂಪ: ‘ಐ ಗಾಟ ಗೋ’, ನಾನು ಹೋಗಬೇಕು. ಬರವಣಿಗೆಯಲ್ಲಿ ಈ ಸವಕಲು ರೂಪ ಬೇಡ.

‘ಹ್ಯಾವ್ ಗಾಟ್’ ಒಟ್ಟಿಗೆ ಬಂದು ಮುಂದೆ ವಸ್ತು ಇದ್ದರೆ ಸುಮ್ಮನೆ ‘ಇದೆ’ ಎಂದು ಅರ್ಥ. ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’, ನನಗೆ ಇಬ್ಬರು ಸೋದರಿಯರಿದ್ದಾರೆ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ‘ಗಾಟನ್’ ಎಂದರೆ ಅದು ತಪ್ಪಲ್ಲ. ಬ್ರಿಟನ್ನಿನಲ್ಲಿ ಮರೆಯಾದ ಹಳೆಯ ರೂಪವನ್ನು ಅಮೆರಿಕನ್ನರು ಉಳಿಸಿಕೊಂಡಿದ್ದಾರೆ. ಅವರಲ್ಲಿ ‘ಹ್ಯಾವ್ ಗಾಟ್’ ಅಂದರೆ ‘ಇದೆ’, ‘ಹ್ಯಾವ್ ಗಾಟನ್’ ಅಂದರೆ ‘ಸಿಕ್ಕಿದೆ’ ಅಥವಾ ‘ಆಗಿದೆ’. ನಮ್ಮ ಪರೀಕ್ಷೆಗಳಲ್ಲಿ ಬ್ರಿಟಿಷ್ ರೂಢಿಯ ‘ಗಾಟ್’ ಬರೆಯಿರಿ.

6. ಮುಂದೆ ದಿಕ್ಕಿನ ಪದ ಇದ್ದರೆ

‘ಅಪ್’, ‘ಓವರ್’, ‘ಥ್ರೂ’, ‘ಬ್ಯಾಕ್’, ‘ಬೈ’ ಮುಂತಾದ ತುಂಡುಪದಗಳು ಸೇರಿದಾಗ ಕಲಿಯುವವರಿಗೆ ದಿಗಿಲು. ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ಇವನ್ನು ಅಕಾರಾದಿಯಾಗಿ ಪಟ್ಟಿ ಮಾಡಿ ಬಾಯಿಪಾಠ ಮಾಡಿ ಎನ್ನುತ್ತವೆ. ಇದರಿಂದ ಪ್ರಯೋಜನವಿಲ್ಲ, ವಾರದೊಳಗೆ ಒಂದಕ್ಕೊಂದು ಕಲಸಿಹೋಗುತ್ತವೆ. ಕನ್ನಡದಲ್ಲಿ ‘ಹೇಳಿಬಿಡು’, ‘ಹೇಳಿಕೊಡು’, ‘ಹೇಳಿಕೊ’ ಎನ್ನುವಾಗ ಕೊನೆಯ ತುಂಡು ಹೇಗೆ ‘ಹೇಳು’ವಿನ ದಿಕ್ಕು ಬದಲಿಸುತ್ತದೋ ಇಲ್ಲಿಯೂ ಹಾಗೆ. ತುಂಡುಪದದ ಮೂಲಾರ್ಥ ಹಿಡಿದು ಹೊರಡಿ.

‘ಓವರ್’ ಅಂದರೆ ದಾಟಿ. ‘ಗೆಟ್ ಓವರ್’ ಅಂದರೆ ಕಾಯಿಲೆಯನ್ನೋ ದುಃಖವನ್ನೋ ದಾಟಿ ಹೊರಬರುವುದು. ‘ಥ್ರೂ’ ಅಂದರೆ ಒಳಹೊಕ್ಕು ಆಚೆ ಬರುವುದು. ‘ಗೆಟ್ ಥ್ರೂ’ ಪರೀಕ್ಷೆಗೆ ಬಂದರೆ ಪಾಸಾಗು, ಫೋನಿಗೆ ಬಂದರೆ ಲೈನ್ ಸಿಗು. ‘ಅಕ್ರಾಸ್’ ಅಂದರೆ ಆಚೆ ದಡಕ್ಕೆ. ಹೇಳಿದ್ದನ್ನು ಕೇಳುವವರ ಮನಸ್ಸಿಗೆ ಮುಟ್ಟಿಸುವುದು ‘ಗೆಟ್ ಅಕ್ರಾಸ್’. ‘ಬೈ’ ಅಂದರೆ ಪಕ್ಕದಲ್ಲೇ ಹಾದು. ಕಡಿಮೆ ಸಂಬಳದಲ್ಲಿ ಹೇಗೋ ಸಂಸಾರ ತೂಗಿಸುವುದು ‘ಗೆಟ್ ಬೈ’. ‘ಅಲಾಂಗ್’ ಅಂದರೆ ಜೊತೆಜೊತೆಗೆ. ‘ಅವರಿಬ್ಬರಿಗೂ ಆಗಲ್ಲ’ ಎಂಬ ನಮ್ಮ ಮಾತು ಇಂಗ್ಲಿಷಿನಲ್ಲಿ ‘ದೇ ಡೋಂಟ್ ಗೆಟ್ ಅಲಾಂಗ್’.

‘ವೇಕ್ ಅಪ್’ ಅಂದರೆ ಎಚ್ಚರಾಗು, ‘ಗೆಟ್ ಅಪ್’ ಅಂದರೆ ಹಾಸಿಗೆ ಬಿಟ್ಟು ಏಳು. ಐದಕ್ಕೆ ಎಚ್ಚರವಾಗಿ ಆರಕ್ಕೆ ಏಳುವವರು ಎರಡನ್ನೂ ಹೇಳಬಹುದು. ಸಿನಿಮಾ ಸುದ್ದಿಗಳಲ್ಲಿ ನಾಯಕನಟ ‘ಹೊಸ ಗೆಟಪ್‌ನಲ್ಲಿ’ ಎಂದು ಓದುತ್ತೀರಲ್ಲ, ಆ ‘ಗೆಟಪ್’ ನಾಮಪದ. ಅದರ ಅರ್ಥ ವೇಷ.

ಇನ್ನು ಸಂದರ್ಶನದ ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’. ಇದರ ಅರ್ಥ ‘ನಾವೇ ನಿಮಗೆ ಮತ್ತೆ ತಿಳಿಸುತ್ತೇವೆ’ ಎಂದಷ್ಟೇ. ಆಯ್ಕೆಯಾಯಿತು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಇದನ್ನು ನಂಬಿ ಬೇರೆ ಅರ್ಜಿಗಳನ್ನು ನಿಲ್ಲಿಸಬೇಡಿ. ‘ಬೈ ವೆನ್ ಕ್ಯಾನ್ ಐ ಎಕ್ಸ್‌ಪೆಕ್ಟ್ ಟು ಹಿಯರ್ ಫ್ರಮ್ ಯೂ?’ ಎಂದು ವಿನಯದಿಂದ ಕೇಳಿ ಬರುವುದರಲ್ಲಿ ಏನೂ ತಪ್ಪಿಲ್ಲ.

ಹತ್ತುವುದು, ಇಳಿಯುವುದು

ಕನ್ನಡದಲ್ಲಿ ಬಸ್ಸಾಗಲಿ ಆಟೋ ಆಗಲಿ ಹತ್ತುತ್ತೇವೆ, ಇಳಿಯುತ್ತೇವೆ. ಇಂಗ್ಲಿಷ್ ವಾಹನ ನೋಡಿ ಪದ ಬದಲಿಸುತ್ತದೆ. ನಿಂತು ಓಡಾಡುವಷ್ಟು ಜಾಗವಿರುವ ಬಸ್ಸು, ರೈಲು, ವಿಮಾನಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಬೈಕು, ಸೈಕಲ್ಲಿಗೂ ಇವೇ. ಬಗ್ಗಿ ಒಳಗೆ ಕೂರಬೇಕಾದ ಕಾರು, ಆಟೋಗಳಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ‘ಗೆಟ್ ಡೌನ್’ ಭಾರತದಲ್ಲಿ ಎಲ್ಲರಿಗೂ ಅರ್ಥವಾಗುವ ರೂಢಿ. ಬೆಂಗಳೂರಿನ ಬಸ್ಸಿನಲ್ಲಿ ಅದನ್ನು ತಿದ್ದಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಹೊರದೇಶದಲ್ಲಿ ಮತ್ತು ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಗಳಲ್ಲಿ ‘ಗೆಟ್ ಆಫ್’ ಎನ್ನಿ.

ಸಾಮಾನ್ಯ ತಪ್ಪುಗಳು

‘ಐ ಗಾಟ್ ಆಂಗರ್’: ‘ನನಗೆ ಕೋಪ ಬಂತು’ ಎಂಬುದನ್ನು ಪದಕ್ಕೆ ಪದ ಇಟ್ಟದ್ದು. ಕೋಪ, ಹಸಿವು, ನಿದ್ದೆಗಳು ಕನ್ನಡದಲ್ಲಿ ನಮ್ಮ ಬಳಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ನಾವು ಆ ಸ್ಥಿತಿಗೆ ಹೋಗುತ್ತೇವೆ. ‘ಐ ಗಾಟ್ ಆಂಗ್ರಿ’, ‘ಐ ಆಮ್ ಗೆಟ್ಟಿಂಗ್ ಹಂಗ್ರಿ’, ‘ಐ ಆಮ್ ಗೆಟ್ಟಿಂಗ್ ಸ್ಲೀಪಿ’ ಸರಿ. ‘ಐ ಆಮ್ ನಾಟ್ ಗೆಟ್ಟಿಂಗ್ ಸ್ಲೀಪ್’ ಬದಲು ‘ಐ ಕಾಂಟ್ ಸ್ಲೀಪ್’ ಅಂದರೆ ಸಾಕು.

‘ಐ ಆಮ್ ಗೆಟ್ಟಿಂಗ್ ಎ ಡೌಟ್’: ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಇದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ. ಹೊರಗಿನವರಿಗೆ ‘ಡೌಟ್’ ಅಂದರೆ ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಎಂದು ಕೇಳಿಸುತ್ತದೆ.

‘ಐ ಗಾಟ್ ಟು ನೋ ದಟ್’: ‘ನನಗೆ ಗೊತ್ತಾಯಿತು’ ಎನ್ನಲು ನಮ್ಮಲ್ಲಿ ಬಹಳ ಬಳಕೆ. ಇಂಗ್ಲಿಷಿನಲ್ಲಿ ‘ಗೆಟ್ ಟು ನೋ’ ಹೆಚ್ಚಾಗಿ ಒಬ್ಬರ ಪರಿಚಯ ನಿಧಾನವಾಗಿ ಬೆಳೆಯುವುದಕ್ಕೆ ಸಲ್ಲುತ್ತದೆ. ಸುದ್ದಿ ತಿಳಿದದ್ದಕ್ಕೆ ‘ಐ ಹರ್ಡ್’ ಅಥವಾ ‘ಐ ಫೌಂಡ್ ಔಟ್’.

‘ಗಾಟ್ ಮ್ಯಾರೀಡ್ ವಿತ್’: ನಾವು ‘ಜೊತೆ’ ಮದುವೆಯಾಗುವುದರಿಂದ ಬಂದ ‘ವಿತ್’ ಇದು. ‘ಗಾಟ್ ಮ್ಯಾರೀಡ್ ಟು’ ಸರಿ.

ಮರ್ಯಾದೆಯ ಮಾತು

‘ಐ ಗಾಟ್ ಲಾಸ್ಟ್’ ಅಂದರೆ ದಾರಿ ತಪ್ಪಿತು, ಅದರಲ್ಲಿ ತಪ್ಪೇನಿಲ್ಲ. ‘ಗೆಟ್ ಲಾಸ್ಟ್’ ಅಂದರೆ ತೊಲಗು. ‘ಗೆಟ್ ಔಟ್’ ಕೂಡ ಹಾಗೆಯೇ. ಮೀಟಿಂಗ್ ಮುಗಿಯಿತು, ಇನ್ನು ಹೊರಡೋಣ ಎಂಬ ಅರ್ಥದಲ್ಲಿ ಮೇಲಧಿಕಾರಿಗೆ ಇದನ್ನು ಹೇಳಿ ಫಜೀತಿಗೆ ಸಿಕ್ಕಬೇಡಿ. ‘ಶಲ್ ವಿ ಲೀವ್?’ ಎನ್ನಿ. ‘ಗೆಟ್ ಮಿ ಎ ಕಾಫಿ’ ಎಂಬುದೂ ಅಪ್ಪಣೆಯಂತೆ ಕೇಳಿಸುತ್ತದೆ. ಹೋಟೆಲಿನಲ್ಲಿ ‘ಕುಡ್ ಐ ಗೆಟ್ ಎ ಕಾಫಿ, ಪ್ಲೀಸ್?’ ಎಂದರೆ ಮರ್ಯಾದೆ. ಕನ್ನಡದಲ್ಲಿ ‘ಕೊಡಿ’ ಎಂಬುದರಲ್ಲೇ ಗೌರವ ಅಡಗಿದೆ. ಇಂಗ್ಲಿಷಿನಲ್ಲಿ ಅದನ್ನು ಬೇರೆ ಪದಗಳಿಂದ ತುಂಬಬೇಕು.

ಕೆಲವು ಶಿಕ್ಷಕರು ‘ಗೆಟ್’ ಸೋಮಾರಿಗಳ ಪದ, ಬಳಸಬೇಡಿ ಎಂದು ಹೇಳುವುದುಂಟು. ಮಾತಿನ ಮಟ್ಟಿಗೆ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಮನೆಮಾತಾದವರು ಇದಿಲ್ಲದೆ ಬೆಳಗಿನ ಕಾಫಿಯನ್ನೂ ಕೇಳಲಾರರು. ‘ಐ ಒಬ್ಟೇನ್ಡ್ ಎ ಪೆನ್’ ಎಂದವರ ಮಾತು ಕೃತಕವಾಗಿ ಕೇಳುತ್ತದೆ. ಆದರೆ ಅರ್ಜಿ, ದೂರು, ವರದಿ, ಸಂಶೋಧನ ಪ್ರಬಂಧಗಳಲ್ಲಿ ಆ ಶಿಕ್ಷಕರ ಮಾತು ನಿಜ. ಅಲ್ಲಿ ‘ಸಿಗು’ವಿಗೆ ‘ರಿಸೀವ್’ ಅಥವಾ ‘ಒಬ್ಟೇನ್’, ‘ಆಗು’ವಿಗೆ ‘ಬಿಕಮ್’, ‘ಸೇರು’ವಿಗೆ ‘ರೀಚ್’ ಅಥವಾ ‘ಅರೈವ್’ ಬರೆಯಿರಿ. ‘ಮಾಡಿಸು’ವಿಗೆ ‘ಹ್ಯಾವ್’ ಹಾಕಿದರೆ ಸಾಕು: ‘ಐ ಹ್ಯಾಡ್ ದ ಡಾಕ್ಯುಮೆಂಟ್ ಅಟೆಸ್ಟೆಡ್’.

ಅಭ್ಯಾಸ ಹೇಗೆ

ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟಗಳಿಗೆ ಸಿಗು, ಆಗು, ಸೇರು, ಮಾಡಿಸು ಎಂದು ಕನ್ನಡದಲ್ಲೇ ತಲೆಬರಹ ಕೊಡಿ. ದಿಕ್ಕಿನ ಪದಗಳಿಗೆ ಐದನೆಯ ಪುಟ. ಕಿವಿಗೆ ಬಿದ್ದ, ಕಣ್ಣಿಗೆ ಕಂಡ ಪ್ರತಿ ‘ಗೆಟ್’ ವಾಕ್ಯವನ್ನು ಅದರ ಪುಟಕ್ಕೆ ಸೇರಿಸಿ. ವಾಕ್ಯವನ್ನು ಇಡಿಯಾಗಿ ಬರೆಯಿರಿ. ಪಕ್ಕದ ಪದ ಬಿಟ್ಟರೆ ‘ಗೆಟ್’ಗೆ ಅರ್ಥವೇ ಉಳಿಯುವುದಿಲ್ಲ. ಯಾವ ಪುಟಕ್ಕೂ ಹೊಂದದ ವಾಕ್ಯ ಸಿಕ್ಕಾಗ ಮಾತ್ರ ನಿಘಂಟು ತೆಗೆಯಿರಿ.

‘ಮಾಡಿಸು’ ಪುಟದಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ಈ ವಾರ ನೀವು ಯಾರ ಕೈಲಿ ಏನೇನು ಮಾಡಿಸಿದಿರಿ ಎಂದು ನೆನೆದು, ಒಂದೊಂದನ್ನೂ ‘ಐ ಗಾಟ್’ ಎಂದು ಆರಂಭಿಸಿ ಗಟ್ಟಿಯಾಗಿ ಹೇಳಿ. ಮನೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರ ಪಠ್ಯಪುಸ್ತಕದ ಪಾಠಗಳಲ್ಲೇ ಬೇಕಾದಷ್ಟು ‘ಗೆಟ್’ಗಳು ಸಿಗುತ್ತವೆ.